ಮಳೆಗಾಲದಲ್ಲಿ ಬುಡ ಕೊಳೆತ ಅಡೇನಿಯಂ: ಕೊಯ್ದು, ಒಣಗಿಸಿ, ಮತ್ತೆ ನೆಟ್ಟ ವಿವರ

ಅಡೇನಿಯಂ ಅಂದರೆ ಬುಡದಲ್ಲಿ ನೀರು ಕೂಡಿಡುವ ದಪ್ಪ ಗಡ್ಡೆ ಇರುವ ಹೂಗಿಡ, ಡೆಸರ್ಟ್ ರೋಸ್ ಅಂತಲೂ ಕರೆಯುತ್ತಾರೆ. ನನ್ನ ಗಿಡ ಹಳೆಯದು. ಗಡ್ಡೆಯ ಅಡ್ಡಳತೆ ಸುಮಾರು 18 ಸೆಂ.ಮೀ. ಮೇಲೆ ಕಸಿ ಮಾಡಿದ ನಾಲ್ಕು ಕೊಂಬೆ, ಹಲವು ಸುತ್ತು ಎಸಳಿನ ಗುಲಾಬಿ ಬಣ್ಣದ ಹೂವು. ಮಳೆ ಬಿಡದೆ ಹಿಡಿದಿದ್ದಾಗ ಎಲೆ ಹಳದಿಯಾಗಿ ಉದುರತೊಡಗಿತು. ಗಡ್ಡೆಯ ಎಡ ಮಗ್ಗುಲು ಒತ್ತಿದರೆ ಬೆರಳು ಒಳಕ್ಕೆ ಹೋಗುತ್ತಿತ್ತು. ಈಗ ಗಿಡ ಚಿಗುರಿದೆ, ಹೂವೂ ಬಿಟ್ಟಿದೆ. ಏನೇನು ಮಾಡಿದೆ, ಯಾವುದು ಕೈಕೊಟ್ಟಿತು ಅಂತ ಸಾಲಾಗಿ ಬರೆದಿದ್ದೇನೆ. ತೇವದ ಹವೆಯಲ್ಲಿ, ಜೋರು ಮಳೆ ಬೀಳುವ ಕಡೆ ಅಡೇನಿಯಂ ಬೆಳೆಸುವವರಿಗೆ ಇದು. ಒಣ ಹವೆಯವರಿಗೆ ಇದರಲ್ಲಿ ಅರ್ಧದಷ್ಟು ಬೇಕಾಗುವುದಿಲ್ಲ.

1. ಮೆತ್ತಗಾಗಿದ್ದು ಯಾಕೆ ಅಂತ ನೋಡಿದ್ದು

ಗಡ್ಡೆ ಮೆತ್ತಗಾಗಲು ಎರಡು ಕಾರಣ. ಒಂದು ನೀರು ಸಾಲದೆ ಇರುವುದು, ಇನ್ನೊಂದು ಕೊಳೆತ. ಎರಡಕ್ಕೂ ಮದ್ದು ಪೂರ್ತಿ ಉಲ್ಟಾ. ಹಾಗಾಗಿ ನೀರು ಹಾಕುವ ಮೊದಲು, ಚಾಕು ಹಿಡಿಯುವ ಮೊದಲು, ಇದನ್ನು ಗಟ್ಟಿ ಮಾಡಿಕೊಳ್ಳಬೇಕು.

ನೀರು ಸಾಲದ ಗಡ್ಡೆ ಎಲ್ಲ ಕಡೆ ಒಂದೇ ಥರ ಮೆತ್ತಗಿರುತ್ತದೆ. ಸಿಪ್ಪೆ ಸ್ವಲ್ಪ ಸುಕ್ಕಾಗಿರುತ್ತದೆ. ಒತ್ತಿ ಬಿಟ್ಟರೆ ಮತ್ತೆ ಮೇಲೆ ಬರುತ್ತದೆ. ಕುಂಡ ಎತ್ತಿದರೆ ಹಗುರ. ಇದು ಒಂದೆರಡು ಸಲ ಚೆನ್ನಾಗಿ ನೀರು ಹಾಕಿದರೆ ಸರಿಯಾಗುತ್ತದೆ.

ಕೊಳೆತದ್ದು ಒಂದು ಕಡೆಯಿಂದ ಶುರುವಾಗುತ್ತದೆ. ಆ ಜಾಗದ ಸಿಪ್ಪೆ ಕಂದಾಗಿ, ಕೆಲವೊಮ್ಮೆ ನೀರು ಕುಡಿದಂತೆ ಹೊಳೆಯುತ್ತದೆ. ಒತ್ತಿದ ಗುಂಡಿ ಹಾಗೇ ನಿಲ್ಲುತ್ತದೆ. ಕೆಟ್ಟ ವಾಸನೆ ಬರಬಹುದು. ಮಣ್ಣು ಒದ್ದೆ ಇದ್ದೂ ಎಲೆ ಬಾಡಿದರೆ ಅನುಮಾನವೇ ಬೇಡ, ಬೇರು ಹೋಗಿದೆ ಅಂತಲೇ ಅರ್ಥ.

ಖಾತ್ರಿ ಮಾಡಿಕೊಳ್ಳಲು ಸ್ಪಿರಿಟ್‌ನಲ್ಲಿ ಒರೆಸಿದ ದಪ್ಪ ಸೂಜಿ ಚುಚ್ಚಿದೆ. ಗಟ್ಟಿ ಭಾಗದಲ್ಲಿ ತಡೆದು ತಡೆದು ಹೋಯಿತು, ಬಿಳಿ ಹಾಲು ಬಂತು. ಎಡಕ್ಕೆ ಚುಚ್ಚಿದರೆ ತಡೆಯೇ ಇಲ್ಲ, ಕಂದು ನೀರು ಬಂತು. ಕೊಳೆತ ಅಂತ ತೀರ್ಮಾನ.

ಒಂದು ಮಾತು. ಹವೆ ತಂಪಾದಾಗ ಅಡೇನಿಯಂ ಎಲೆ ಉದುರಿಸುವುದು ಸಹಜ. ಗಡ್ಡೆ ಗಟ್ಟಿಯಿದ್ದು ಎಲೆ ಮಾತ್ರ ಹೋಗಿದ್ದರೆ ಸುಮ್ನೆ ಬಿಡಿ. ಗಾಬರಿಯಾಗಿ ನೀರು, ಗೊಬ್ಬರ ಸುರಿದವರ ಗಿಡಗಳೇ ಜಾಸ್ತಿ ಕೊಳೆಯುವುದು.

2. ಕುಂಡದಿಂದ ತೆಗೆದಾಗ ಕಂಡಿದ್ದು

ಕುಂಡ 30 ಸೆಂ.ಮೀ. ಆಳದ್ದು, ಪ್ಲಾಸ್ಟಿಕ್. ಒಳಗೆ ಕೆಂಪು ಮಣ್ಣು, ಎರೆಗೊಬ್ಬರ, ಸಣ್ಣ ಮರಳು, ತಳದಲ್ಲಿ ಎರಡು ಇಂಚು ಜಲ್ಲಿ. ಮೇಲಿನ ಮಣ್ಣು ಮುಟ್ಟಿದರೆ ಪುಡಿಪುಡಿ, ಒಣಗಿದಂತೆ ಇತ್ತು. ಕೈ ಒಳಗೆ ಹಾಕಿದರೆ ಜಲ್ಲಿಯ ಮೇಲಿನ ಪದರ ಕಪ್ಪು ಕೆಸರು.

ತಳಕ್ಕೆ ಜಲ್ಲಿ ಹಾಕಿದರೆ ನೀರು ಬೇಗ ಬಸಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? ಆಗುವುದು ಅದಲ್ಲ. ಮೇಲಿನ ಸಣ್ಣ ಕಣದ ಮಣ್ಣು ಪೂರ್ತಿ ನೆನೆದು ತುಂಬುವ ತನಕ ನೀರು ಕೆಳಗಿನ ಜಲ್ಲಿಗೆ ಇಳಿಯುವುದೇ ಇಲ್ಲ. ಅಂದರೆ ಕುಂಡದ ತಳದಲ್ಲಿ ಇರಬೇಕಿದ್ದ ಒದ್ದೆ ಪದರ ಜಲ್ಲಿಯ ಎತ್ತರದಷ್ಟು ಮೇಲೆ ಬಂದು ಬೇರಿನ ಹತ್ತಿರ ಕೂರುತ್ತದೆ. ನನ್ನ ಗಿಡದ ಬೇರು ಸತ್ತಿದ್ದು ಸರಿಯಾಗಿ ಆ ಗೆರೆಯಲ್ಲೇ.

ಮಣ್ಣನ್ನೆಲ್ಲ ನೀರು ಬಿಟ್ಟು ತೊಳೆದೆ. ತೊಳೆಯದೆ ಕೊಳೆತ ಎಲ್ಲಿವರೆಗೆ ಹೋಗಿದೆ ಅಂತ ಕಾಣುವುದಿಲ್ಲ. ಬಲಗಡೆಯ ಬೇರುಗಳು ಹೆಬ್ಬೆರಳು ದಪ್ಪ, ಗಟ್ಟಿ. ಎಡಗಡೆಯವು ಎಳೆದರೆ ಸಿಪ್ಪೆ ಕೈಗೆ ಬಂದು ಒಳಗಿನ ನಾರು ಮಾತ್ರ ಉಳಿಯಿತು.

3. ಕೊಯ್ದಿದ್ದು

ಬೇಕಾದದ್ದು: ಹರಿತವಾದ ಚಾಕು, ಚೂಪು ಚಮಚ, 70% ಐಸೊಪ್ರೊಪೈಲ್ ಆಲ್ಕೊಹಾಲ್ (ಮೇಲೆ ಹೇಳಿದ ಸ್ಪಿರಿಟ್), ಟಿಶ್ಯೂ, ರಬ್ಬರ್ ಕೈಗವಸು.

ಕೈಗವಸು ತಮಾಷೆಗಲ್ಲ. ಅಡೇನಿಯಂ ಹಾಲಿನಲ್ಲಿ ಹೃದಯದ ಬಡಿತವನ್ನೇ ಕೆಡಿಸುವ ವಿಷ ಇದೆ. ಆಫ್ರಿಕಾದ ಹಲವು ಕಡೆ ಬೇಟೆಯ ಬಾಣಕ್ಕೆ ಹಚ್ಚುತ್ತಿದ್ದ ವಿಷ ಇದೇ ಗಿಡದ್ದು. ಕಣ್ಣಿಗೆ, ಬಾಯಿಗೆ, ಗಾಯಕ್ಕೆ ತಾಗಬಾರದು. ಕತ್ತರಿಸಿದ ಚೂರನ್ನು ಮಕ್ಕಳು, ನಾಯಿ, ಬೆಕ್ಕು, ದನ ಹೋಗುವ ಜಾಗದಲ್ಲಿ ಬಿಸಾಡಬಾರದು.

ಮೊದಲು ಸತ್ತ ಬೇರುಗಳನ್ನೆಲ್ಲ ಬುಡಕ್ಕೇ ಕತ್ತರಿಸಿದೆ. ಆಮೇಲೆ ಗಡ್ಡೆಯ ಕೊಳೆತ ಭಾಗವನ್ನು ಚಮಚದಲ್ಲಿ ತೋಡಿದೆ. ಮೆತ್ತಗಿನದು ಮುಗಿದ ಮೇಲೆ ಚಾಕು. ಆರೋಗ್ಯದ ತಿರುಳು ಕೆನೆ ಬಣ್ಣ ಇರುತ್ತದೆ, ಕೊಯ್ದ ಕೂಡಲೇ ಹಾಲು ಜಿನುಗುತ್ತದೆ. ಅದರ ನಡುವೆ ಕಂದು ಚುಕ್ಕೆಯೋ ಗೆರೆಯೋ ಕಂಡರೆ ಕೊಳೆತ ಇನ್ನೂ ಒಳಗೆ ಹೋಗಿದೆ ಅಂತ ಲೆಕ್ಕ. ಇನ್ನೊಂದು ಪದರ ತೆಗೆಯಬೇಕು. ಪ್ರತಿ ಸಲ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಬೇಕು, ಇಲ್ಲವಾದರೆ ಕೊಳೆತವನ್ನು ನಾವೇ ಒಳ್ಳೆಯ ಭಾಗಕ್ಕೆ ಬಳಿದಂತಾಗುತ್ತದೆ.

ಕೈ ತಡೆಯುವುದು ಇಲ್ಲೇ. ಗಿಡದ ಅಂದ ಹಾಳಾಗುತ್ತದಲ್ಲ ಅಂತ ಚೂರು ಕಂದು ಬಿಟ್ಟುಬಿಡೋಣ ಅನ್ನಿಸುತ್ತದೆ. ಬಿಟ್ಟ ಆ ಚೂರು ವಾರದೊಳಗೆ ಇನ್ನೊಂದು ಅಷ್ಟೇ ದೊಡ್ಡ ಗುಂಡಿ ಮಾಡುತ್ತದೆ. ನನ್ನದರಲ್ಲಿ ಗಡ್ಡೆಯ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಹೋಯಿತು. ಗುಂಡಿಯ ಆಳ 4 ಸೆಂ.ಮೀ.

ಗುಂಡಿಯನ್ನು ಬಟ್ಟಲಿನ ಆಕಾರದಲ್ಲಿ ಬಿಡಲಿಲ್ಲ. ಕೆಳ ಅಂಚನ್ನು ಓರೆಯಾಗಿ ಕತ್ತರಿಸಿ, ನೀರು ಬಿದ್ದರೆ ಹೊರಕ್ಕೆ ಜಾರುವ ಹಾಗೆ ಮಾಡಿದೆ. ಇದಕ್ಕಾಗಿ ಸ್ವಲ್ಪ ಒಳ್ಳೆಯ ತಿರುಳನ್ನೂ ತೆಗೆಯಬೇಕಾಯಿತು. ಪರವಾಗಿಲ್ಲ. ಮುಂದೆ ನೀರು ನಿಲ್ಲುವ ಗುಂಡಿಗಿಂತ ಅದು ಮೇಲು.

ಕೊಯ್ದ ಮುಖಕ್ಕೆ ಕಾಪರ್ ಆಕ್ಸಿಕ್ಲೋರೈಡ್ (ಶಿಲೀಂಧ್ರನಾಶಕ) ಪುಡಿಯನ್ನು ನೀರಲ್ಲಿ ಕಲಸಿ ಬಳಿದೆ. ಕೆಲವರು ದಾಲ್ಚಿನ್ನಿ ಪುಡಿ, ಕೆಲವರು ಗಂಧಕ, ಕೆಲವರು ಸುಣ್ಣ ಹಚ್ಚುತ್ತಾರೆ. ಇವೆಲ್ಲ ಸಹಾಯಕ್ಕೆ ಮಾತ್ರ. ಗಾಯ ಮಾಯುವುದು ಒಣಗುವುದರಿಂದ. ಕೊಳೆತ ಬಿಟ್ಟು ಮೇಲೆ ಎಷ್ಟು ಪುಡಿ ಸುರಿದರೂ ಪ್ರಯೋಜನ ಇಲ್ಲ.

ಹಚ್ಚಬಾರದ್ದು: ಅಂಟು, ಮೇಣ, ಬಣ್ಣ. ಹಿಂದೆ ಒಂದು ಚಿಕ್ಕ ಗಿಡಕ್ಕೆ ಗಾಯದ ಮೇಲೆ ಮರದ ಅಂಟು ಬಳಿದಿದ್ದೆ. ಮೇಲಿನಿಂದ ಚೊಕ್ಕವಾಗಿ ಕಾಣುತ್ತಿತ್ತು. ಒಳಗೆ ತೇವ ಸಿಕ್ಕಿಕೊಂಡು ಗಡ್ಡೆ ಪೂರ್ತಿ ನೀರಾಯಿತು.

4. ಒಣಗಿಸಿದ್ದು

ಉಳಿದಿದ್ದ ಎಲೆಗಳನ್ನೆಲ್ಲ ಕಿತ್ತೆ. ಬೇರು ಅರ್ಧ ಇಲ್ಲದಾಗ ಎಲೆ ಇದ್ದರೆ ಗಡ್ಡೆಯ ನೀರೆಲ್ಲ ಅಲ್ಲಿಂದ ಹೋಗುತ್ತದೆ. ಆಮೇಲೆ ಗಿಡವನ್ನು ಹಗ್ಗ ಕಟ್ಟಿ ತಲೆಕೆಳಗಾಗಿ, ನೆರಳಲ್ಲಿ, ಗಾಳಿಯಾಡುವ ಕಡೆ ನೇತುಹಾಕಿದೆ. ನೆಲದ ಮೇಲೆ ಇಟ್ಟರೆ ತಾಗಿದ ಕಡೆ ತೇವ ಉಳಿಯುತ್ತದೆ. ಹವೆಯಲ್ಲೇ ತೇವ ಜಾಸ್ತಿ ಇದ್ದದ್ದರಿಂದ ಒಂದು ಫ್ಯಾನ್ ಹಚ್ಚಿಟ್ಟೆ. ಬಿಸಿಲಿಗೆ ಇಡಬೇಡಿ, ಕೊಯ್ದ ಮುಖ ಸುಟ್ಟು ಬಿರುಕು ಬಿಡುತ್ತದೆ.

ದಿನಾ ನೋಡಬೇಕು. ಕೆಲವು ದಿನದ ನಂತರ ಗುಂಡಿಯ ಮೇಲಂಚಿನಲ್ಲಿ ಒಂದು ಕಂದು ಚುಕ್ಕೆ ಎದ್ದಿತು, ಒತ್ತಿದರೆ ತೇವ. ಮತ್ತೆ ಕೊಯ್ದೆ, ಮತ್ತೆ ಬಳಿದೆ. ಲೆಕ್ಕ ಮತ್ತೆ ಮೊದಲಿಂದ ಶುರು. ಒಂದು ಸಲ ಕೊಯ್ದರೆ ಮುಗಿಯಿತು ಅಂದುಕೊಂಡು ಮೂಲೆಯಲ್ಲಿ ಇಟ್ಟು ಮರೆತಿದ್ದರೆ ಗಿಡ ಉಳಿಯುತ್ತಿರಲಿಲ್ಲ.

ಎಷ್ಟು ದಿನ ಒಣಗಿಸಬೇಕು? ಪೆನ್ಸಿಲ್ ದಪ್ಪದ ಬೇರು ಕತ್ತರಿಸಿದ್ದಾದರೆ ಮೂರು ನಾಲ್ಕು ದಿನ ಸಾಕು. ದೊಡ್ಡ ಗಾಯಕ್ಕೆ ಎರಡು ವಾರ, ಹವೆ ಒದ್ದೆಯಿದ್ದರೆ ಮೂರು. ದಿನದ ಲೆಕ್ಕಕ್ಕಿಂತ ಉಗುರಿನ ಲೆಕ್ಕ ನಂಬಿ. ಗಾಯದ ಮುಖ ಬೆಂಡಿನಂತೆ ಗಟ್ಟಿಯಾಗಿ, ಉಗುರು ಊರಿದರೆ ಒಳಗೆ ಹೋಗಬಾರದು. ಅಷ್ಟರಲ್ಲಿ ಗಡ್ಡೆ ಸುಕ್ಕಾಗುತ್ತದೆ, ನೋಡಲು ಪಾಪ ಅನ್ನಿಸುತ್ತದೆ. ಅದಕ್ಕೆ ಹೆದರಬೇಡಿ. ಮಣ್ಣೇ ಇಲ್ಲದೆ ವಾರಗಟ್ಟಲೆ ಬದುಕುವುದಕ್ಕೇ ಗಡ್ಡೆ ಇರುವುದು.

5. ಮಿಶ್ರಣ

ಗಿಡ ನೇತಾಡುತ್ತಿದ್ದಾಗ ಮಿಶ್ರಣ ತಯಾರು ಮಾಡಿದೆ. ಇಲ್ಲಿ ಜಾಸ್ತಿ ಬರೆಯುತ್ತೇನೆ, ಯಾಕಂದರೆ ಮೊದಲ ಮಿಶ್ರಣ ಕೈಕೊಟ್ಟಿತು.

ಮೊದಲ ಮಿಶ್ರಣ: ಒಂದು ಪಾಲು ಮರಳು, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಗೊಬ್ಬರ. ಬಾಯಿಗೆ ಸುಲಭವಾಗಿ ಬರುವ ಲೆಕ್ಕ, ಎಲ್ಲ ಕಡೆ ಹೇಳುವುದೂ ಇದೇ. ಗಿಡ ಹಾಕುವ ಮೊದಲು ಖಾಲಿ ಕುಂಡಕ್ಕೆ ತುಂಬಿ ನೀರು ಹಾಕಿ ನೋಡಿದೆ. ನೀರು ಮೇಲೆಯೇ ಕೆರೆ ಕಟ್ಟಿ ನಿಧಾನಕ್ಕೆ ಇಳಿಯಿತು. ನಾಲ್ಕು ದಿನ ಕಳೆದರೂ ಒಳಗೆ ಕಡ್ಡಿ ಚುಚ್ಚಿದರೆ ಒದ್ದೆ. ಮರಳು ಸಣ್ಣದಾಗಿದ್ದರಿಂದ ಕೋಕೋಪೀಟಿನ ಸಂದುಗಳನ್ನೆಲ್ಲ ತುಂಬಿ, ಗಾಳಿಗೆ ಜಾಗವೇ ಇರಲಿಲ್ಲ. ಸಣ್ಣ ಮರಳು ಹಾಕಿದರೆ ನೀರು ಬಸಿಯುತ್ತದೆ ಅನ್ನುವುದು ತಪ್ಪು. ಬಸಿಯುವುದು ಕಣದ ಗಾತ್ರದಿಂದ.

ಎರಡನೇ ಮಿಶ್ರಣ, ಈಗ ಇರುವುದು:

ದಪ್ಪ ಕಣದ ಪ್ಯೂಮಿಸ್ (ತೂತು ತೂತಾದ ಹಗುರ ಜ್ವಾಲಾಮುಖಿ ಕಲ್ಲು) ಅಥವಾ ಇಟ್ಟಿಗೆ ಚೂರು, 4 ಪಾಲು
ಇದ್ದಿಲ ಚೂರು, 1 ಪಾಲು
ಪರ್ಲೈಟ್ (ಉಬ್ಬಿಸಿದ ಹಗುರ ಬಿಳಿ ಕಲ್ಲಿನ ಕಣ), 1 ಪಾಲು
ತೊಳೆದ ಕೋಕೋಪೀಟ್, 1 ಪಾಲು
ಚೆನ್ನಾಗಿ ಕಳಿತ ಗೊಬ್ಬರ, 1 ಪಾಲು

ಪ್ಯೂಮಿಸ್ ಸಿಕ್ಕಿದರೆ ಒಳ್ಳೆಯದು, ಸಿಗದಿದ್ದರೆ ಇಟ್ಟಿಗೆ ಚೂರು ಧಾರಾಳ ಸಾಕು. ಚೆನ್ನಾಗಿ ಸುಟ್ಟ ಇಟ್ಟಿಗೆಯೇ ಆಗಬೇಕು. ಅರೆಬೆಂದ ಇಟ್ಟಿಗೆ ನೀರಲ್ಲಿ ಕರಗಿ ಮತ್ತೆ ಮಣ್ಣಾಗುತ್ತದೆ. ಕುಟ್ಟಿದ ಮೇಲೆ ಎರಡು ಜರಡಿ ಹಿಡಿದೆ: 6 ಮಿ.ಮೀ. ಜರಡಿಯಲ್ಲಿ ಇಳಿಯದ್ದನ್ನು ಮತ್ತೆ ಕುಟ್ಟಿದೆ, 3 ಮಿ.ಮೀ. ಜರಡಿಯಲ್ಲಿ ಇಳಿದ ಪುಡಿಯನ್ನು ಹೊರಗೆ ಹಾಕಿದೆ. ನಡುವಿನದು ಮಾತ್ರ ಬಳಕೆಗೆ. ಅದನ್ನೂ ನೀರು ತಿಳಿಯಾಗುವ ತನಕ ತೊಳೆದೆ. ಕೆಲಸದಲ್ಲೆಲ್ಲ ಬೇಜಾರಿನ ಭಾಗ ಇದು. ಬಿಟ್ಟುಬಿಡುವ ಆಸೆ ಬರುತ್ತದೆ. ತೊಳೆಯದ ಧೂಳು ತಳಕ್ಕೆ ಇಳಿದು ತೂತನ್ನೇ ಮುಚ್ಚುತ್ತದೆ.

ಕೋಕೋಪೀಟನ್ನು ಒಂದೆರಡು ಸಲ ನೀರಲ್ಲಿ ನೆನೆಸಿ ಹಿಂಡಬೇಕು, ಅದರಲ್ಲಿ ಉಪ್ಪು ಇರುತ್ತದೆ. ಮಳೆ ತುಂಬಾ ಜೋರಿರುವ ಕಡೆ ಕೋಕೋಪೀಟ್ ಅರ್ಧ ಪಾಲಿಗೆ ಇಳಿಸಿದರೂ ನಡೆಯುತ್ತದೆ.

ಪರೀಕ್ಷೆ ಹೀಗೆ. ತುಂಬಿದ ಕುಂಡಕ್ಕೆ ಒಂದು ಮಗ್ ನೀರು ಒಮ್ಮೆಗೇ ಸುರಿಯಿರಿ. ಮೇಲೆ ನಿಲ್ಲದೆ, ಕೆಲವೇ ಸೆಕೆಂಡಿನಲ್ಲಿ ತಳದಿಂದ ಬರಬೇಕು. ಆಮೇಲೆ ಕುಂಡ ತೂಗಿ, ತೂಕ ಬರೆದಿಡಿ. ದಿನಾ ತೂಗಿ. ನೆರಳಿನಲ್ಲಿ ಎರಡು ಮೂರು ದಿನದಲ್ಲಿ ತೂಕ ಇಳಿಯುವುದು ನಿಂತರೆ ಮಿಶ್ರಣ ಸರಿ. ಐದಾರು ದಿನ ಇಳಿಯುತ್ತಲೇ ಇದ್ದರೆ ಇನ್ನೂ ದಪ್ಪ ಕಣ ಸೇರಿಸಬೇಕು. ಎಷ್ಟು ನೀರು ಹಾಕಬೇಕು ಅಂತ ಎಲ್ಲರೂ ಕೇಳುತ್ತಾರೆ. ಕೇಳಬೇಕಾದ್ದು ಹಾಕಿದ ನೀರು ಎಷ್ಟು ದಿನದಲ್ಲಿ ಹೋಗುತ್ತದೆ ಅಂತ. ಬೇಗ ಒಣಗುವ ಕುಂಡಕ್ಕೆ ಎಷ್ಟು ಸುರಿದರೂ ಗಿಡ ತಡೆಯುತ್ತದೆ, ಒಣಗದ ಕುಂಡಕ್ಕೆ ಲೋಟ ನೀರೂ ಜಾಸ್ತಿ.

6. ನೆಟ್ಟಿದ್ದು

ಈ ಸಲ ಸುಟ್ಟ ಮಣ್ಣಿನ ಕುಂಡ. ಬಾಯಿ 28 ಸೆಂ.ಮೀ., ಆಳ 15. ಗಡ್ಡೆಯ ಸುತ್ತ 5 ಸೆಂ.ಮೀ. ಜಾಗ ಸಿಕ್ಕಿದರೆ ಸಾಕು. ದೊಡ್ಡ ಕುಂಡಕ್ಕೆ ಹಾಕಿದರೆ ಬೇರು ಇಲ್ಲದ ಕಡೆಯ ಮಿಶ್ರಣ ಒದ್ದೆಯಾಗಿಯೇ ಉಳಿಯುತ್ತದೆ. ತಳದಲ್ಲಿದ್ದದ್ದು ಒಂದೇ ತೂತು. ಕಲ್ಲಿನ ಡ್ರಿಲ್ ಬಿಟ್‌ನಿಂದ 10 ಮಿ.ಮೀ.ನ ನಾಲ್ಕು ತೂತು ಹೆಚ್ಚಿಗೆ ಕೊರೆದೆ. ಮಣ್ಣಿನ ಕುಂಡವನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಹ್ಯಾಮರ್ ಮೋಡ್ ಆಫ್ ಮಾಡಿ, ನಿಧಾನಕ್ಕೆ ಕೊರೆಯಬೇಕು. ಹ್ಯಾಮರ್ ಹಾಕಿದರೆ ಕುಂಡ ಎರಡು ಹೋಳು, ಹಾಗೆ ಒಂದು ಹೋಯಿತು. ತೂತಿನ ಮೇಲೆ ಪ್ಲಾಸ್ಟಿಕ್ ಬಲೆ, ಅಷ್ಟೆ. ಜಲ್ಲಿ ಇಲ್ಲ, ಕೆಳಗೆ ತಟ್ಟೆಯೂ ಇಲ್ಲ.

ಗಡ್ಡೆಯನ್ನು ಹಿಂದಿಗಿಂತ 3 ಸೆಂ.ಮೀ. ಮೇಲೆ ಕೂರಿಸಿದೆ. ಹೀಗೆ ಪ್ರತಿ ಸಲ ಕುಂಡ ಬದಲಿಸುವಾಗ ಎರಡು ಮೂರು ಸೆಂ.ಮೀ. ಎತ್ತುತ್ತಾ ಹೋದರೆ ದಪ್ಪ ಬೇರುಗಳು ಹೊರಗೆ ಕಾಣುತ್ತವೆ. ನನಗೆ ಅಂದಕ್ಕಿಂತ ಗಾಯದ ಮುಖ ಪೂರ್ತಿ ಮಿಶ್ರಣದ ಮೇಲೆ, ಗಾಳಿಯಲ್ಲಿ ಇರುವುದು ಮುಖ್ಯವಾಗಿತ್ತು. ಕತ್ತರಿಸಿದ ಬೇರಿನ ತುದಿಗಳು ಮಾತ್ರ ಒಳಗೆ ಹೋದವು, ಅವುಗಳ ಸುತ್ತ ಬರೀ ಇಟ್ಟಿಗೆ ಚೂರು ತುಂಬಿದೆ, ಗೊಬ್ಬರ ತಾಗದ ಹಾಗೆ.

ಒಂದು ಕಡೆ ಬೇರೇ ಇಲ್ಲದ್ದರಿಂದ ಗಿಡ ವಾಲುತ್ತಿತ್ತು. ಕುಂಡದ ತೂತಿನಿಂದ ತಂತಿ ತೂರಿಸಿ, ಗಡ್ಡೆಗೆ ತಾಗುವ ಕಡೆ ರಬ್ಬರ್ ತುಂಡು ಇಟ್ಟು ಬಿಗಿದೆ. ಗಿಡ ಅಲ್ಲಾಡಿದರೆ ಹೊಸ ಬೇರಿನ ತುದಿ ಮುರಿಯುತ್ತದೆ, ಹಾಗಾಗಿ ಬಿಗಿ ಚೆನ್ನಾಗಿರಲಿ.

ಮಿಶ್ರಣ ಒಣಗಿದ್ದೇ ಇರಬೇಕು. ನೆಟ್ಟ ದಿನ ನೀರು ಹಾಕಲಿಲ್ಲ. ಒಂದು ವಾರದ ಮೇಲೆ ಸ್ವಲ್ಪ, ಅಂಚಿನಲ್ಲಿ ಮಾತ್ರ. ಕೊಂಬೆಯ ತುದಿಯಲ್ಲಿ ಹಸಿರು ಮೊಳೆ ಕಂಡ ಮೇಲೆಯೇ ಪೂರ್ತಿ ನೀರು.

7. ಬಿಸಿಲು ಮತ್ತು ಮಳೆ

ಅಡೇನಿಯಂಗೆ ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು. ನೆರಳಲ್ಲಿ ಬೆಳೆದದ್ದು ಉದ್ದುದ್ದ ಹೋಗಿ, ಹೂವಿಲ್ಲದೆ ಬಳಕುತ್ತಾ ನಿಲ್ಲುತ್ತದೆ. ಆದರೆ ಈಗಷ್ಟೇ ಹೊರಗೆ ಬಂದ ಬೇರಿನ ಸಿಪ್ಪೆ ತೆಳು, ಬಿಳಿಚಿಕೊಂಡಿರುತ್ತದೆ. ನೇರ ಬಿಸಿಲಿಗಿಟ್ಟರೆ ಸುಟ್ಟು ಕಂದು ಹಕ್ಕಳೆ ಕಟ್ಟುತ್ತದೆ, ಮಳೆ ಬಂದಾಗ ಅಲ್ಲಿಂದಲೇ ಮತ್ತೆ ಕೊಳೆತ. ಅದಕ್ಕೆ 50% ನೆರಳು ಬಲೆಯ ಕೆಳಗೆ ಎರಡು ವಾರ ಇಟ್ಟು, ಆಮೇಲೆ ಬೆಳಗಿನ ಬಿಸಿಲು, ಆಮೇಲೆ ಪೂರ್ತಿ ಬಿಸಿಲು. ಸರಿಸುವಾಗ ಗಿಡದ ಯಾವ ಮಗ್ಗುಲು ಬಿಸಿಲಿಗಿತ್ತೋ ಅದೇ ಮಗ್ಗುಲು ಬಿಸಿಲಿಗಿರಲಿ. ಕುಂಡದ ಮೇಲೆ ಸೀಮೆಸುಣ್ಣದ ಗುರುತು ಹಾಕಿಕೊಂಡೆ.

ಇನ್ನು ಮಳೆ. ಈ ಗಿಡದ ತವರು ಸಹಾರಾದ ದಕ್ಷಿಣ ಅಂಚಿನ ಸೆನೆಗಲ್‌ನಿಂದ ಪೂರ್ವ ಆಫ್ರಿಕಾ, ಅರೇಬಿಯದವರೆಗೆ. ಅಲ್ಲೂ ಮಳೆ ಬರುತ್ತದೆ, ಮಳೆ ಬಂದಾಗಲೇ ಬೆಳೆಯುತ್ತದೆ. ಆದರೆ ಮಳೆ ನಿಂತ ಕೂಡಲೇ ಸುಡು ಬಿಸಿಲು, ಕಲ್ಲುನೆಲ. ಒಂದು ಜೋರು ಮಳೆ ಗಿಡಕ್ಕೆ ಏನೂ ಮಾಡುವುದಿಲ್ಲ. ಬಿಸಿಲೇ ಕಾಣದೆ ದಿನಗಟ್ಟಲೆ ಜಿನುಗುವ ಮಳೆಯೇ ಕೊಲ್ಲುವುದು.

ಮೊದಲು ಗಿಡದ ಮೇಲೆ ನಾಲ್ಕು ಕೋಲು ನೆಟ್ಟು ಪ್ಲಾಸ್ಟಿಕ್ ಹಾಳೆ ಕಟ್ಟಿದೆ. ತಲೆಯಿಂದ ಒಂದು ಅಡಿ ಎತ್ತರ, ಮೂರು ಕಡೆ ಇಳಿಬಿಟ್ಟಿದ್ದೆ. ಮಳೆ ತಪ್ಪಿತು, ಗಾಳಿಯೂ ತಪ್ಪಿತು. ಒಳಗೆ ಬೆವರಿದ ಹಾಗೆ ಹನಿ ಕಟ್ಟಿ ಎಲೆಗೆ ಬೀಳುತ್ತಿತ್ತು, ಎಲೆಗೆ ಕಪ್ಪು ಚುಕ್ಕೆ ಬಂತು. ಕಿತ್ತುಹಾಕಿದೆ. ಈಗ ಇರುವುದು ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟು, 2 ಮೀಟರ್ ಎತ್ತರದಲ್ಲಿ, ಒಂದು ಕಡೆ ವಾಲಿಸಿ, ನಾಲ್ಕೂ ಕಡೆ ತೆರೆದು. ಎರಚಲು ಬೀಳುತ್ತದೆ, ಬೀಳಲಿ. ಗಾಳಿ ಮುಖ್ಯ. ಕುಂಡವನ್ನು ಎರಡು ಇಟ್ಟಿಗೆ ಮೇಲೆ ಎತ್ತಿಟ್ಟಿದ್ದೇನೆ, ತೂತುಗಳ ಕೆಳಗೂ ಗಾಳಿ ಆಡಬೇಕು.

ಶೀಟು ಹಾಕಲು ಆಗದವರು ಜಿನುಗು ಮಳೆಯಲ್ಲಿ ಕುಂಡವನ್ನು ಸುಮ್ನೆ ಒಂದು ಮಗ್ಗುಲಿಗೆ ಮಲಗಿಸಿಡಬಹುದು. ಸಣ್ಣ ಗಿಡಗಳಿಗೆ ನಾನು ಈಗಲೂ ಅದನ್ನೇ ಮಾಡುವುದು. ಚೆಂದ ಕಾಣುವುದಿಲ್ಲ, ಕೆಲಸ ಆಗುತ್ತದೆ.

ನೀರಿನ ವಿಷಯ: ಬೇಸಿಗೆಯಲ್ಲಿ, ಎಲೆ ತುಂಬಿದ್ದಾಗ, ಈ ಮಿಶ್ರಣಕ್ಕೆ ದಿನಾ ನೀರು ಹಾಕುತ್ತೇನೆ. ಹೌದು, ದಿನಾ. ಮೋಡದ ದಿನಗಳಲ್ಲಿ ಬಿದಿರಿನ ಕಡ್ಡಿ ತಳದವರೆಗೆ ಚುಚ್ಚಿ, ಒಣಗಿ ಬಂದರೆ ಮಾತ್ರ. ಎಲೆ ಉದುರಿ ಮಲಗಿದ ಕಾಲದಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಬೆರಳಿಟ್ಟು ನೋಡುವುದರಿಂದ ಏನೂ ಗೊತ್ತಾಗುವುದಿಲ್ಲ, ಹಳೆಯ ಕುಂಡದಲ್ಲಿ ಮೇಲ್ಮಣ್ಣು ಪುಡಿಪುಡಿಯೇ ಇತ್ತು.

8. ಕೊಂಬೆ ಉಳಿಸಿಕೊಳ್ಳಲು ಕಸಿ

ಕೊಳೆತ ಮಗ್ಗುಲಿನ ಮೇಲಿದ್ದ ಕೊಂಬೆ ಉಳಿಯುವ ನಂಬಿಕೆ ಇರಲಿಲ್ಲ. ಗಡ್ಡೆ ಕೊಯ್ದ ದಿನವೇ ಅದನ್ನು ಕತ್ತರಿಸಿ, ಬೀಜದಿಂದ ಬೆಳೆಸಿದ್ದ ಸಸಿಗಳಿಗೆ ಕಸಿ ಕಟ್ಟಿದೆ. ಕೊಂಬೆಯನ್ನೇ ನೆಟ್ಟರೆ ಬೇರು ಬರುತ್ತದೆ, ಆದರೆ ಬೀಜದ ಗಿಡದ ಹಾಗೆ ಗುಂಡನೆಯ ಗಡ್ಡೆ ಸಾಮಾನ್ಯವಾಗಿ ಕಟ್ಟುವುದಿಲ್ಲ. ಬೀಜ ಬಿತ್ತಿದರೆ ಗಡ್ಡೆ ಬರುತ್ತದೆ, ತಾಯಿಯ ಹೂವೇ ಬರುವ ಗ್ಯಾರಂಟಿ ಇಲ್ಲ. ಎರಡೂ ಬೇಕಾದರೆ ಕಸಿಯೇ ದಾರಿ.

ಸಸಿಯ ಕಾಂಡ 1 ರಿಂದ 1.5 ಸೆಂ.ಮೀ. ದಪ್ಪ ಇರುವಲ್ಲಿ ಅಡ್ಡ ಕತ್ತರಿಸಿ, ನಡುವೆ 2 ಸೆಂ.ಮೀ. ಸೀಳು. ಅಷ್ಟೇ ದಪ್ಪದ ಕೊಂಬೆಯಿಂದ 4 ಸೆಂ.ಮೀ. ತುಂಡು, ಎಲೆ ತೆಗೆದು, ಕೆಳತುದಿಯನ್ನು ಎರಡು ಕಡೆ ಚೂಪು ಮಾಡಿ ಸೀಳಿಗೆ ಕೂರಿಸಿದೆ. ಒಂದೇ ಎಳೆತಕ್ಕೆ ನಯವಾದ ಮುಖ ಬರಬೇಕು, ಹಾಗಾಗಿ ಹೊಸ ಬ್ಲೇಡು. ಹಾಲು ಜಿನುಗುತ್ತದೆ, ಟಿಶ್ಯೂವಿನಿಂದ ಒರೆಸಿ ಕೂಡಲೇ ಸೇರಿಸಬೇಕು. ಸಿಪ್ಪೆಯ ಒಳಗಿನ ಹಸಿರು ಗೆರೆ ಒಂದು ಕಡೆಯಾದರೂ ಸರಿಯಾಗಿ ಕೂಡಿದರೆ ಹಿಡಿಯುತ್ತದೆ. ಕಸಿ ಟೇಪಿನಿಂದ ಬಿಗಿಯಾಗಿ ಸುತ್ತಿ, ಮೇಲೆ ಸಣ್ಣ ಪ್ಲಾಸ್ಟಿಕ್ ಚೀಲ ಮುಚ್ಚಿ ಕಟ್ಟಿ, ನೆರಳಲ್ಲಿ ಇಟ್ಟೆ.

ಹೋದವೂ ಇವೆ. ಒಂದೆರಡರಲ್ಲಿ ಚೀಲದೊಳಗೆ ನೀರು ಕೂಡಿ ತುಂಡು ಕಪ್ಪಾಯಿತು. ಮಳೆಯ ದಿನ ಕಸಿ ಕಟ್ಟಬಾರದು ಅನ್ನುವುದು ಇದಕ್ಕೇ, ನನಗೆ ಬೇರೆ ದಾರಿ ಇರಲಿಲ್ಲ. ಒಂದರಲ್ಲಿ ಸಸಿಯ ಕಾಂಡಕ್ಕಿಂತ ತುಂಡು ತೆಳ್ಳಗಿತ್ತು, ಎರಡು ಕಡೆಯೂ ಸಿಪ್ಪೆ ಕೂಡಲಿಲ್ಲ, ಒಣಗಿತು. ಉಳಿದವು ಎರಡು ಮೂರು ವಾರದಲ್ಲಿ ಚಿಗುರಿದವು. ಚೀಲವನ್ನು ಒಮ್ಮೆಗೇ ತೆಗೆಯದೆ ಮೊದಲು ಮೂಲೆ ಕತ್ತರಿಸಿ, ಕೆಲವು ದಿನ ಬಿಟ್ಟು ತೆಗೆದೆ. ಕಸಿಯ ಕೆಳಗಿಂದ ಬರುವ ಚಿಗುರನ್ನು ಕಂಡ ಕೂಡಲೇ ಚಿವುಟಬೇಕು. ಬಿಟ್ಟರೆ ಅದೇ ಜೋರಾಗಿ ಬೆಳೆದು ಮೇಲಿನದು ಸೊರಗುತ್ತದೆ.

ಸಸಿ ಬೇಕಾದವರಿಗೆ ಬೀಜದ ಬಗ್ಗೆ ಎರಡು ಮಾತು. ಕಾಯಿ ಜೋಡಿ ಕೊಂಬಿನ ಥರ ಇರುತ್ತದೆ. ಬಲಿತಾಗ ಸೀಳುತ್ತದೆ, ಬೀಜದ ಎರಡೂ ತುದಿಗೆ ಕೂದಲ ಗೊಂಚಲು ಇರುವುದರಿಂದ ಗಾಳಿಗೆ ಹಾರಿಹೋಗುತ್ತದೆ. ಮೊದಲೇ ದಾರ ಸುತ್ತಿ ಅಥವಾ ಬಲೆ ಚೀಲ ಕಟ್ಟಿ ಇಡಿ. ತಾಜಾ ಬೀಜ ಬೆಚ್ಚಗಿನ ಜಾಗದಲ್ಲಿ ಒಂದು ವಾರದೊಳಗೆ ಮೊಳೆಯುತ್ತದೆ. ಹಳೆಯದಾದಷ್ಟೂ ಮೊಳೆಯುವುದು ಕಮ್ಮಿ.

9. ಚಿಗುರಿದ ಮೇಲೆ ಬಂದ ಹುಳ

ಚಿಗುರು ಬಂದದ್ದೇ ತಡ, ಮೊಗ್ಗಿನ ಹತ್ತಿರ ಹಳದಿ ಹೇನು, ಅಂದರೆ ಗಿಡದ ರಸ ಹೀರುವ ಸಸ್ಯಹೇನು. ಇದು ಕಣಗಿಲೆಗೆ ಬರುವ ಹೇನೇ. ಎರಡೂ ಒಂದೇ ಕುಟುಂಬ. ಸಸ್ಯಶಾಸ್ತ್ರಜ್ಞ ಪೀಟರ್ ಫೋರ್ಸ್ಕಾಲ್ ಬರೆದಿಟ್ಟಿದ್ದ ವಿವರ 1775ರಲ್ಲಿ ಅಚ್ಚಾದಾಗ ಅಡೇನಿಯಂ ಕಣಗಿಲೆಯ ಕುಲದಲ್ಲೇ ಇತ್ತು, 1819ರಲ್ಲಿ ಬೇರೆ ಕುಲ ಆಯಿತು. ಹುಳಗಳಿಗೆ ಆ ಬದಲಾವಣೆ ತಲುಪಿಲ್ಲ. ಕಣಗಿಲೆಯ ಎಲೆ ತಿನ್ನುವ ದಪ್ಪ ಹಸಿರು ಕಂಬಳಿಹುಳ, ಬೆನ್ನ ಮುಂದೆ ನೀಲಿ ಕಣ್ಣಿನಂಥ ಗುರುತು ಇರುವುದು, ಇಲ್ಲಿಗೂ ಬರುತ್ತದೆ. ರಾತ್ರಿ ಬೆಳಗಾಗುವುದರೊಳಗೆ ಒಂದು ಕೊಂಬೆ ಬೋಳು ಮಾಡುತ್ತದೆ. ಹತ್ತಿರ ಕಣಗಿಲೆ ಇದ್ದರೆ ಅದರ ಮೇಲೂ ಕಣ್ಣಿಡಿ.

ಹೇನಿಗೆ ಜೋರಾಗಿ ನೀರು ಹಾಯಿಸಿದೆ, ಹೋಯಿತು. ಹಿಟ್ಟು ತಿಗಣೆಗೆ 70% ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿ. ಕಂಬಳಿಹುಳವನ್ನು ಕೈಯಲ್ಲೇ ತೆಗೆದೆ. ಬೇಸಿಗೆಯಲ್ಲಿ ಎಲೆ ಮಂಕಾಗಿ ಸಣ್ಣ ಸಣ್ಣ ಬಿಳಿ ಚುಕ್ಕೆ ಬಂದರೆ ನುಸಿ. ಎಲೆಯ ಅಡಿಗೆ ನೀರು ಸಿಂಪಡಿಸಿದರೆ ಕಮ್ಮಿಯಾಗುತ್ತದೆ, ಆಗದಿದ್ದರೆ ಆ ಎಲೆಗಳನ್ನೆಲ್ಲ ಕೀಳುವುದು ಸುಲಭ. ಎಲೆ ಮತ್ತೆ ಬರುತ್ತದೆ.

10. ಸವರಿದ್ದು, ಗೊಬ್ಬರ

ಬೇಸಿಗೆ ಶುರುವಾಗುವ ಮೊದಲು ಉಳಿದ ಮೂರು ಕೊಂಬೆಗಳನ್ನು ಕಸಿಯ ಗಂಟಿನಿಂದ 6 ಸೆಂ.ಮೀ. ಬಿಟ್ಟು ಓರೆಯಾಗಿ ಕತ್ತರಿಸಿದೆ. ಗಂಟಿನ ಕೆಳಗೆ ಕತ್ತರಿಸಿದರೆ ಒಳ್ಳೆಯ ಹೂವಿನ ಜಾತಿ ಹೋಗಿ ಕಸಿ ಕಟ್ಟಿದ ಕೆಳಗಿನ ಸಸಿಯ ಹೂವು ಬರುತ್ತದೆ, ನೋಡಿಕೊಳ್ಳಿ. ಹೂವು ಬರುವುದು ಹೊಸ ಚಿಗುರಿನ ತುದಿಯಲ್ಲಿ, ಹಾಗಾಗಿ ತುದಿ ಎಷ್ಟು ಹೆಚ್ಚೋ ಹೂವೂ ಅಷ್ಟು. ಒಂದು ಕೊಂಬೆ ಕತ್ತರಿಸಿದ ಕಡೆ ಎರಡು ಮೂರು ಕವಲು ಬಂತು. ಉಳಿದ ಮೂರರಲ್ಲಿ ಗಾಯಕ್ಕೆ ಹತ್ತಿರದ ಕೊಂಬೆಯಲ್ಲಿ ಒಂದೇ, ಅದೂ ಮೆಲ್ಲಗೆ.

ಗೊಬ್ಬರ ಚಿಗುರು ಬಲಿತ ಮೇಲೆಯೇ ಶುರು. ಸಾರಜನಕ ಜಾಸ್ತಿ ಇರುವುದನ್ನು ಕೊಟ್ಟರೆ ಎಲೆ ದೊಡ್ಡದು, ಕೊಂಬೆ ಉದ್ದ, ಒಳಗೆಲ್ಲ ಮೆದು, ಮುಂದಿನ ಮಳೆಗೆ ಅದೇ ಮೊದಲು ಹೋಗುವುದು. ನಾನು ಕೊಡುತ್ತಿರುವುದು ನಿಧಾನಕ್ಕೆ ಕರಗುವ ಗುಳಿಗೆ ಗೊಬ್ಬರ, ಪ್ಯಾಕೆಟ್ ಮೇಲೆ ಬರೆದ ಅಳತೆಯ ಅರ್ಧ. ಎಲೆ ಉದುರಿದ ಕಾಲದಲ್ಲಿ ಇಲ್ಲ.

ಸದ್ಯದ ಸ್ಥಿತಿ: ಗಾಯದ ಅಂಚಿನಿಂದ ಹೊಸ ಸಿಪ್ಪೆ ಸುಮಾರು 1 ಸೆಂ.ಮೀ. ಒಳಕ್ಕೆ ಬಂದಿದೆ. ಗುಂಡಿ ಮುಚ್ಚುವುದಿಲ್ಲ, ಮುಚ್ಚಬೇಕಾಗಿಯೂ ಇಲ್ಲ, ಒಣಗಿ ಗಟ್ಟಿ ಇದೆ. ಎರಡು ಕೊಂಬೆಯಲ್ಲಿ ಹೂವು ಬಂತು. ಎಡಗಡೆ ಗುಂಡಿಯ ಕೆಳಗೆ ಮೂರು ಹೊಸ ಬೇರು ಹೊರಟಿರುವುದು ಇಟ್ಟಿಗೆ ಚೂರು ಸರಿಸಿದಾಗ ಕಂಡಿತು, ಕಡ್ಡಿ ದಪ್ಪ ಅಷ್ಟೆ. ಅವು ಬಲಿಯುವ ತನಕ ತಂತಿ ಬಿಚ್ಚುವುದಿಲ್ಲ. ಆದರೆ ಗಡ್ಡೆ ಉಬ್ಬುತ್ತಿರುವುದರಿಂದ ತಂತಿ ಸಿಪ್ಪೆಗೆ ಕೂರುತ್ತಿದೆ. ಮಳೆ ಶುರುವಾಗುವ ಮೊದಲು ಅದನ್ನು ಸಡಿಲಿಸಿ, ರಬ್ಬರ್ ತುಂಡನ್ನು ಬೇರೆ ಜಾಗಕ್ಕೆ ಸರಿಸಿ ಮತ್ತೆ ಕಟ್ಟಬೇಕು. ಪಾಲಿಕಾರ್ಬೊನೇಟ್ ಶೀಟಿನ ಮೇಲೆ ಪಾಚಿ ಕಟ್ಟಿ ಬೆಳಕು ಕಮ್ಮಿಯಾಗಿದೆ, ಅದನ್ನೂ ತೊಳೆಯುವುದಿದೆ.